ಸೀಕಿನವನಿಗೂ ಸ್ವಲ್ಪ ಕಡ ಕೊಡಿ

ನಮ್ಮ ಅಂಗಡಿಯ ಶಟರಿಗೆ ಒಂದು ಕೆಟ್ಟ ಚಾಳಿ ಉಂಟು. ಮಳೆಗಾಲದಲ್ಲಿ ಎಡಬದಿಯ ಚಾನೆಲ್ಲಿಗೆ ತುಕ್ಕು ಹಿಡಿದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಬಲ ಹಾಕಿ ಎಳೆದರೆ ಒಮ್ಮೆಲೇ ಕೆಳಗೆ ಬರುತ್ತದೆ. 2014ರಲ್ಲಿ ಅದು ಉಪ್ಪನ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆಯೇ ಗೀರಿತು. ಉಪ್ಪ ಡೆಟಾಲಿನಲ್ಲಿ ತೊಳೆದು, ಬಟ್ಟೆ ಕಟ್ಟಿ, ಮರುದಿನ ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ ಇಳಿಸಲು ನಿಂತಿದ್ದರು. ಎಂಟು ಹತ್ತು ದಿನದಲ್ಲಿ ಗಾಯ ಒಣಗಿತು. 2022ರ ಆಗಸ್ಟಿನಲ್ಲಿ ಅದೇ ಶಟರ್ ನನ್ನ ಕಾಲಿಗೆ, ಹೆಚ್ಚುಕಡಿಮೆ ಅದೇ ಜಾಗಕ್ಕೆ ತಾಗಿತು. ಉಪ್ಪನದಕ್ಕಿಂತ ಸಣ್ಣ ಗಾಯ. ಅದು ಪೂರ್ತಿ ಮುಚ್ಚಲು ಹನ್ನೊಂದು ವಾರ ಬೇಕಾಯಿತು.

ಆ ಹನ್ನೊಂದು ವಾರವೂ ಅಂಗಡಿಗೆ ಬಂದವರು ಕೇಳಿದ್ದು ಒಂದೇ ಮಾತು: "ಇನ್ನೂ ಗುಣ ಆಗ್ಲಿಲ್ವಾ ಮಾರಾಯಾ?" ಮೊದಲ ವಾರ ಆ ಮಾತಿನಲ್ಲಿ ಕನಿಕರ ಇತ್ತು. ಮೂರನೇ ವಾರಕ್ಕೆ ಆಶ್ಚರ್ಯ. ಆರನೇ ವಾರ ದಾಟಿದ ಮೇಲೆ ಸಂಶಯ. ಇವನು ಸರಿಯಾಗಿ ಮದ್ದು ಮಾಡುವುದಿಲ್ಲ, ಇಲ್ಲದಿದ್ದರೆ ಸಕ್ಕರೆ ಕಾಯಿಲೆ ಉಂಟು ಮುಚ್ಚಿಡುತ್ತಾನೆ, ಅದೂ ಅಲ್ಲದಿದ್ದರೆ ಅಕ್ಕಿ ಮೂಟೆ ಎತ್ತಲು ಉದಾಸೀನ. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ. ಕಾಲು ಹೇಗುಂಟು ಎಂದು ಕೇಳದೆ ಸಾಮಾನು ತೆಗೆದುಕೊಂಡು ಹೋಗುವುದು ನಮ್ಮೂರಿನ ಕ್ರಮವೂ ಅಲ್ಲ. ಆದರೂ ಈ ಪ್ರಶ್ನೆ ನಿಲ್ಲಬೇಕು ಎಂದು ನನ್ನ ಅಭಿಪ್ರಾಯ. ನನಗೆ ಬೇಸರವಾಗುತ್ತದೆ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಆ ಪ್ರಶ್ನೆ ನನ್ನನ್ನು ಒಮ್ಮೆ ಆಸ್ಪತ್ರೆಯ ಐಸಿಯು ತನಕ ಕೊಂಡುಹೋಗಿತ್ತು.

ಅದನ್ನು ಹೇಳುವ ಮೊದಲು ಸೀಕು ಯಾವುದು ಎಂದು ಹೇಳಬೇಕು. ನನಗೆ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್. ಕನ್ನಡದಲ್ಲಿ ಸಂಧಿವಾತ ಎಂದು ಬರೆಯುತ್ತಾರೆ, ಆದರೆ ನಮ್ಮಲ್ಲಿ ವಾತ, ಸಂಧಿವಾತ, ಗಂಟುನೋವು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿಸುತ್ತಾರೆ. ವಯಸ್ಸಾದವರ ಮೊಣಕಾಲು ಸವೆದು ಬರುವ ನೋವು ಬೇರೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನ್ನಂಥವನಿಗೆ ಅದು ಸುಲಭದಲ್ಲಿ ಅರ್ಥವಾಗುತ್ತದೆ, ಬೇರಿಂಗ್ ಸವೆದದ್ದು. ನನ್ನದು ಸವೆತ ಅಲ್ಲ. ರೋಗಾಣುಗಳನ್ನು ಹೊಡೆಯಲು ಶರೀರದಲ್ಲಿ ಒಂದು ವ್ಯವಸ್ಥೆ ಉಂಟಲ್ಲ, ಅದು ನನ್ನ ಕೀಲುಗಳ ಒಳಪೊರೆಯನ್ನೇ ಹೊರಗಿನ ಶತ್ರು ಎಂದು ತಿಳಿದು ಹೊಡೆಯುತ್ತದೆ. ಆಟೋಇಮ್ಯೂನ್ ಎಂದರೆ ಇದು. ಮಂಗಳೂರಿನ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮನೆಯಲ್ಲಿ ಬ್ಯಾರಿಯಲ್ಲಿ ಅರ್ಧ ಗಂಟೆ ವಿವರಿಸಿದೆ. ಉಮ್ಮ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು: "ತೋಟಕ್ಕೆ ಕಾವಲು ಇಟ್ಟವನೇ ಕಾಯಿ ಕೊಯ್ದ ಹಾಗೆ."

ಇದು ಶುರುವಾದದ್ದು 2016ರಲ್ಲಿ, ಶಾರ್ಜಾದಲ್ಲಿ. ನಾನು ಎಸಿ ಚಿಲ್ಲರ್‌ಗಳ ಮೆಂಟೆನೆನ್ಸ್ ಕೆಲಸದಲ್ಲಿದ್ದೆ. ಬೆಳಿಗ್ಗೆ ಸ್ಪ್ಯಾನರ್ ಹಿಡಿಯಲು ಹೋದರೆ ಬೆರಳುಗಳು ಮಡಚುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತಿತ್ತು. ರೂಮಿನವರು ಎಸಿ ಗಾಳಿಯ ದೋಷ ಎಂದರು, ನಾನೂ ನಂಬಿದೆ. ಎಸಿ ರಿಪೇರಿಯವನೇ ಎಸಿಯನ್ನು ದೂರಿದ್ದು ನೆನೆದರೆ ಈಗ ನಗು ಬರುತ್ತದೆ. ಎರಡು ವರ್ಷ ಹೇಗೋ ತಳ್ಳಿ 2018ರಲ್ಲಿ ಊರಿಗೆ ಬಂದೆ, ಉಪ್ಪನ ಜಿನಸಿ ಅಂಗಡಿಯಲ್ಲಿ ಕುಳಿತೆ.

ಈಗ 2019ರ ವಿಷಯ. ನಾನು ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ದಿನಕ್ಕೆ ಹತ್ತು ಮಿಲಿಗ್ರಾಂ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದೆ. ಇದೊಂದು ಸ್ಟೀರಾಯ್ಡ್ ಮಾತ್ರೆ. ಜೊತೆಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಒಂದು ಮದುವೆ ಮನೆಯಲ್ಲಿ ಹತ್ತಿರದ ಸಂಬಂಧಿಕರೊಬ್ಬರು ಪಕ್ಕದಲ್ಲಿ ಕುಳಿತು ಕೇಳಿದರು, ಇನ್ನೂ ಗುಣ ಆಗ್ಲಿಲ್ವಾ? ಇಷ್ಟು ವರ್ಷ ಮಾತ್ರೆ ತಿಂದೂ ಗುಣ ಆಗದಿದ್ದರೆ ಆ ಮಾತ್ರೆ ಎಂತಕ್ಕೆ? ಕಿಡ್ನಿ ತಿಂದು ಹಾಕುತ್ತದೆ, ಬಿಟ್ಟುಬಿಡು. ಒಂದು ಪುಡಿಯ ಪೊಟ್ಟಣವನ್ನೂ ಮನೆಗೆ ಕಳಿಸಿಕೊಟ್ಟರು. ಹೆಸರಿಲ್ಲ, ಒಳಗೆ ಎಂತ ಉಂಟು ಎಂದು ಬರೆದಿರಲಿಲ್ಲ. ಅಂದಿಗೆ ಆ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಉತ್ತರ ಕೊಟ್ಟು ಸಾಕಾಗಿತ್ತು. ಒಂದು ಸಲವಾದರೂ "ಹೌದು, ಗುಣ ಆಯ್ತು" ಎಂದು ಹೇಳಬೇಕು ಎಂಬ ಆಸೆಯೂ ಇತ್ತು. ಎಲ್ಲ ಮಾತ್ರೆಯನ್ನೂ ಒಂದೇ ದಿನ ನಿಲ್ಲಿಸಿದೆ. ಪುಡಿಯನ್ನು ಹೆದರಿ ಮುಟ್ಟಲಿಲ್ಲ, ಅಷ್ಟು ಬುದ್ಧಿ ಇತ್ತು.

ನಾಲ್ಕನೇ ದಿನ ವಾಂತಿ ಶುರುವಾಯಿತು. ಐದನೇ ದಿನ ಬಚ್ಚಲಿನಲ್ಲಿ ಬಿದ್ದೆ. ರಕ್ತದೊತ್ತಡ ಕೆಳಗೆ ಹೋಗಿತ್ತು. ಆಮೇಲೆ ಡಾಕ್ಟರು ತಿಳಿಸಿದರು. ನಮ್ಮ ಕಿಡ್ನಿಯ ಮೇಲೆ ಅಡ್ರಿನಲ್ ಎಂಬ ಗ್ರಂಥಿ ಉಂಟು. ಶರೀರಕ್ಕೆ ಬೇಕಾದ ಸ್ಟೀರಾಯ್ಡನ್ನು ಅದೇ ದಿನವೂ ತಯಾರು ಮಾಡುತ್ತದೆ. ಜ್ವರ, ಗಾಯ, ಆಪರೇಷನ್ ಬಂದಾಗ ಹೆಚ್ಚು ತಯಾರು ಮಾಡುತ್ತದೆ. ಹೊರಗಿನಿಂದ ಮಾತ್ರೆ ತಿಂಗಳುಗಟ್ಟಲೆ ಬರುತ್ತಿದ್ದರೆ ಆ ಗ್ರಂಥಿ ಕೆಲಸ ನಿಲ್ಲಿಸಿ ನಿದ್ದೆ ಹೋಗುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹೊರಗಿನದ್ದೂ ಇಲ್ಲ, ಒಳಗಿನದ್ದೂ ಇಲ್ಲ. ಜೀವಕ್ಕೇ ಅಪಾಯ. ಸ್ಟೀರಾಯ್ಡ್ ಬಿಡಬಾರದು ಎಂದಲ್ಲ, ಬಿಡಬೇಕು, ಅದರಿಂದ ಎಲುಬು ತೆಳುವಾಗುವುದು, ಸಕ್ಕರೆ ಏರುವುದು ಎಲ್ಲ ಉಂಟು. ಆದರೆ ಡಾಕ್ಟರ ಕಣ್ಣೆದುರಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನಾನು ಹಾಗೆ ಇಳಿದು ಐದು ಮಿಲಿಗ್ರಾಮಿಗೆ ಬರಲು ಮತ್ತೆ ಒಂದು ವರ್ಷ ಬೇಕಾಯಿತು.

ಪುಡಿಯ ಬಗ್ಗೆ ಒಂದು ಮಾತು. ಹೆಸರಿಲ್ಲದ ಗಂಟುನೋವಿನ ಪುಡಿ, ಗುಳಿಗೆಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಸ್ಟೀರಾಯ್ಡೇ ಸಿಕ್ಕಿದ ಪ್ರಸಂಗಗಳು ನಮ್ಮ ದೇಶದಲ್ಲಿ ಬೇಕಾದಷ್ಟು ಆಗಿವೆ. "ಮೂರು ದಿನದಲ್ಲಿ ನೋವು ಮಾಯ" ಎನ್ನುವ ಮದ್ದಿನ ಗುಟ್ಟು ಹಲವು ಸಲ ಇಷ್ಟೇ. ಸ್ಟೀರಾಯ್ಡ್ ಬಿಡು ಎಂದು ಹೇಳಿ, ಲೆಕ್ಕವಿಲ್ಲದ ಸ್ಟೀರಾಯ್ಡನ್ನೇ ಕೈಗೆ ಕೊಡುವುದು. ಇಂಗ್ಲಿಷ್ ಮದ್ದಿಗೆ ಹೆದರುವ ನಾವು ಚೀಟಿಯೇ ಇಲ್ಲದ ಪೊಟ್ಟಣಕ್ಕೆ ಹೆದರುವುದಿಲ್ಲ. ಅಂಗಡಿಯಲ್ಲಿ ಮಾತ್ರ ಬಿಸ್ಕಿಟಿನ ಪ್ಯಾಕೆಟ್ ತಿರುಗಿಸಿ ತಾರೀಕು ನೋಡುತ್ತೇವೆ.

ಇನ್ನು ಗಾಯಕ್ಕೆ ಬರುತ್ತೇನೆ. ಉಪ್ಪನಿಗೆ ಎಂಟು ದಿನ, ನನಗೆ ಎಪ್ಪತ್ತೇಳು ದಿನ ಯಾಕೆ?

ಗಾಯ ಮಾಸುವುದು ಒಂದೇ ಕೆಲಸ ಎಂದು ನಾವು ತಿಳಿದಿದ್ದೇವೆ. ಅದು ಒಂದರ ಹಿಂದೆ ಒಂದು ಬರುವ ನಾಲ್ಕು ಕೆಲಸ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮತ್ತೆ ಕೆಲವು ದಿನ ಆ ಜಾಗ ಕೆಂಪಾಗಿ ಬಿಸಿಯಾಗಿ ಊದುತ್ತದೆ. ಅದು ಕೆಟ್ಟದ್ದಲ್ಲ, ಬಿಳಿ ರಕ್ತಕಣಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ತೆಗೆಯುವ ಹೊತ್ತು. ಆಮೇಲೆ ಹೊಸ ರಕ್ತನಾಳ, ಹೊಸ ಮಾಂಸ, ಹೊಸ ಚರ್ಮ ಬೆಳೆಯುತ್ತದೆ. ಕೊನೆಗೆ ಒಳಗಿನ ಕೊಲಾಜನ್ ನಾರುಗಳು ಬಿಗಿಯಾಗಿ ಜೋಡಣೆಯಾಗುತ್ತವೆ. ಈ ಕೊನೆಯ ಕೆಲಸ ಯಾರಿಗೇ ಆದರೂ ತಿಂಗಳುಗಟ್ಟಲೆ ನಡೆಯುತ್ತದೆ, ಒಂದು ವರ್ಷ ದಾಟುವುದೂ ಉಂಟು. ಎಷ್ಟು ಮಾಸಿದರೂ ಕಲೆಯ ಚರ್ಮಕ್ಕೆ ಮೊದಲಿನ ಬಲದ ಶೇಕಡಾ 80ರಷ್ಟು ಮಾತ್ರ ಬರುವುದಂತೆ. ವೆಲ್ಡಿಂಗ್ ಮಾಡಿದ ಜಾಗ ಮೂಲ ಪ್ಲೇಟಿಗಿಂತ ಗಟ್ಟಿ ಎಂದು ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿದ್ದರು. ಮನುಷ್ಯನ ಚರ್ಮಕ್ಕೆ ಆ ಪಾಠ ನಡೆಯುವುದಿಲ್ಲ.

ಈ ನಾಲ್ಕರಲ್ಲಿ ಎರಡನೆಯ ಕೆಲಸಕ್ಕೆ ಬೇಕಾದದ್ದು ಊತ, ಉರಿ. ನನ್ನ ಕೀಲುಗಳನ್ನು ಹಾಳು ಮಾಡುವುದೂ ಅದೇ ಊತ, ಅದೇ ಉರಿ. ಅದನ್ನು ಅಡಗಿಸಲಿಕ್ಕೆಂದೇ ನಾನು ಮಾತ್ರೆ ತಿನ್ನುವುದು. ಪ್ರೆಡ್ನಿಸೊಲೋನಿಗೆ ಇದು ಕೀಲು, ಇದು ಗಾಯ ಎಂದು ಗೊತ್ತಾಗುವುದಿಲ್ಲ. ಎರಡೂ ಕಡೆ ಕೆಲಸಗಾರರನ್ನು ವಾಪಸು ಕಳಿಸುತ್ತದೆ. ಕೊಲಾಜನ್ ಕಟ್ಟುವುದನ್ನೂ ನಿಧಾನ ಮಾಡುತ್ತದೆ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಮಾಂಸ ಕಡಿಮೆ, ಅಲ್ಲಿಯ ಗಾಯ ಮೊದಲೇ ನಿಧಾನ. ಅದರ ಮೇಲೆ ದಿನಕ್ಕೆ ಹನ್ನೆರಡು ಗಂಟೆ ಅಂಗಡಿಯಲ್ಲಿ ಕಾಲು ಕೆಳಗೆ ಬಿಟ್ಟು ನಿಲ್ಲುವುದು, ಸಂಜೆಗೆ ನೀರು ಇಳಿದು ಊದುವುದು. ಇಷ್ಟೆಲ್ಲ ಸೇರಿ ಹನ್ನೊಂದು ವಾರ. ನನ್ನ ಉದಾಸೀನದ ಲೆಕ್ಕ ಅದರಲ್ಲಿ ಇಲ್ಲ.

ಹಾಗಾದರೆ ಮಾತ್ರೆಯೇ ದೋಷಿ ಅಲ್ಲವಾ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಡಾಕ್ಟರು ಹೇಳಿದ್ದು, ರೋಗ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ಇನ್ನೂ ಹೆಚ್ಚು. ಮಾತ್ರೆ ನಿಲ್ಲಿಸಿದರೆ ಗಾಯ ಬೇಗ ಮಾಸಬಹುದು ಎಂದು ಕಾಯುವ ಹೊತ್ತಿಗೆ ಕೈಬೆರಳು ವಕ್ರವಾಗಿರುತ್ತದೆ, ಅದು ಮತ್ತೆ ನೆಟ್ಟಗಾಗುವುದಿಲ್ಲ.

ಸೋಂಕಿನ ಕತೆ ಇದಕ್ಕಿಂತ ಉದ್ದ. 2024ರ ಜನವರಿಯಲ್ಲಿ ಮನೆಯಲ್ಲಿ ಎಲ್ಲರಿಗೂ ಶೀತ ಬಂತು. ತಂಗಿಯ ಮಕ್ಕಳು ನಾಲ್ಕನೇ ದಿನ ಶಾಲೆಗೆ ಹೋದರು. ನನ್ನದು ಎದೆಗೆ ಇಳಿಯಿತು. ವಿಚಿತ್ರ ಎಂದರೆ ಜ್ವರವೇ ಇಲ್ಲ. ಥರ್ಮಾಮೀಟರ್ ನೋಡಿ ಎಂತದೂ ಇಲ್ಲ ಎಂದು ಅಂಗಡಿಯಲ್ಲಿ ಕುಳಿತಿದ್ದೆ, ಎಕ್ಸ್‌ರೇಯಲ್ಲಿ ನೋಡಿದರೆ ನ್ಯುಮೋನಿಯಾ. ಸ್ಟೀರಾಯ್ಡ್ ತಿನ್ನುವವರಿಗೆ ಜ್ವರ ಮುಚ್ಚಿಹೋಗುವುದುಂಟು. ಹಾಗಾಗಿ "ಜ್ವರ ಇಲ್ಲವಲ್ಲ, ಮತ್ತೆಂತ ಹೆದರಿಕೆ" ಎಂಬ ಧೈರ್ಯ ನಮಗೆ ಹೊಂದುವುದಿಲ್ಲ. ಆಂಟಿಬಯೋಟಿಕ್ ಶುರು ಮಾಡಿ, ಸೋಂಕು ಇಳಿಯುವ ತನಕ ಮೆಥೊಟ್ರೆಕ್ಸೇಟ್ ನಿಲ್ಲಿಸಲು ಡಾಕ್ಟರು ಹೇಳಿದರು. ಎದೆ ಸರಿಯಾಯಿತು. ಅಷ್ಟರಲ್ಲಿ ಮದ್ದು ನಿಂತ ಕೀಲುಗಳು ಎದ್ದು ಕುಳಿತವು. ಮತ್ತೆ ಮದ್ದು ಶುರು ಮಾಡಿದರೂ ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರಲು ವಾರಗಳು ಬೇಕು. ಒಂದು ಶೀತಕ್ಕೆ ನಾನು ಎರಡು ಬಿಲ್ಲು ಕಟ್ಟಿದ ಹಾಗೆ, ಮೊದಲು ಸೋಂಕಿನದು, ಮತ್ತೆ ರೋಗದ್ದು. ಮಾರ್ಚ್ ಕೊನೆಗೆ ನಾನು ಮೊದಲಿನ ಹಾಗೆ ಲೆಕ್ಕ ಬರೆದೆ. ನೋಡಿದವರಿಗೆ ಕಂಡದ್ದು ಜನವರಿಯ ಶೀತ ಮಾತ್ರ.

ಇಂಥ ಸೀಕಿನವರು ಮನೆಯಲ್ಲಿದ್ದರೆ ಎರಡು ಸಂಗತಿ ಗಟ್ಟಿಯಾಗಿ ನೆನಪಿಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮದ್ದು. ಅದನ್ನು ತಪ್ಪಿ ದಿನಾಲೂ ತಿಂದು ಜೀವ ಕಳೆದುಕೊಂಡವರು ಇದ್ದಾರೆ. ನಮ್ಮ ಹಿರಿಯರಿಗೆ ಇಂಗ್ಲಿಷ್ ಚೀಟಿ ಓದಲು ಬರುವುದಿಲ್ಲ, ಮಲಯಾಳದಲ್ಲಿ ಬರೆದು ಕೊಟ್ಟರೂ ಕನ್ನಡ ಶಾಲೆಗೆ ಹೋದವರಿಗೆ ತೊಡಕು. ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಆದಿತ್ಯವಾರಕ್ಕೆ ಉಮ್ಮ ಕೆಂಪು ಸುತ್ತು ಹಾಕುತ್ತಾರೆ, ನಾನು ನುಂಗಿದ ಮೇಲೆ ಅದರ ಮೇಲೆ ಗೀಟು. ಇನ್ನೊಂದು, ಮೂತ್ರದ ಸೋಂಕಿಗೋ ಕೆಮ್ಮಿಗೋ ಎಂದು ಮೆಡಿಕಲ್ಲಿನಿಂದ ಸೀದಾ ಆಂಟಿಬಯೋಟಿಕ್ ತರುವ ಅಭ್ಯಾಸ. ಕೋಟ್ರೈಮೊಕ್ಸಝೋಲ್ ಎಂಬ ಸಲ್ಫಾ ಮಾತ್ರೆ ಮೆಥೊಟ್ರೆಕ್ಸೇಟಿನ ಜೊತೆ ಸೇರಿದರೆ ರಕ್ತಕಣ ತಯಾರಾಗುವುದೇ ನಿಂತುಹೋಗಬಹುದು. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸಲು ಹೋದರೂ, ಮೊದಲು ಈ ಮಾತ್ರೆಯ ಹೆಸರು ಹೇಳಬೇಕು.

ನಮ್ಮೂರಿಗೆ ನಿಧಾನ ಎಂದರೆ ಏನೆಂದು ಗೊತ್ತಿಲ್ಲದೆ ಇಲ್ಲ. ಚಿಕುನ್‌ಗುನ್ಯಾ ಬಂದ ವರ್ಷಗಳು ನೆನಪುಂಟಾ? 2006ರ ನಂತರದ ಆ ಮಳೆಗಾಲಗಳು. ಜ್ವರ ವಾರದಲ್ಲಿ ಬಿಟ್ಟಿತು, ಗಂಟುನೋವು ತಿಂಗಳುಗಟ್ಟಲೆ ಉಳಿಯಿತು. ಅಡಿಕೆ ಸುಲಿಯುವವರಿಗೆ ಕತ್ತಿ ಹಿಡಿಯಲು ಆಗದೆ, ಬೀಡಿ ಕಟ್ಟುವ ಹೆಂಗಸರಿಗೆ ಎಲೆ ಸುತ್ತಲು ಆಗದೆ ಕುಳಿತಿದ್ದರು. ಆಗ ಯಾರೂ ಯಾರನ್ನೂ "ಇನ್ನೂ ಗುಣ ಆಗ್ಲಿಲ್ವಾ" ಎಂದು ಸಂಶಯದಿಂದ ಕೇಳಲಿಲ್ಲ. ಕೇಳುವವನ ಕೈಯೂ ಊದಿತ್ತು. ಎಲ್ಲರಿಗೂ ಬಂದರೆ ಅದು ಕಾಯಿಲೆ, ಒಬ್ಬನಿಗೇ ಬಂದರೆ ಅವನ ಸ್ವಭಾವ, ಹೀಗೆ ಆಗಿದೆ ನಮ್ಮ ಲೆಕ್ಕ.

ಅಂಗಡಿಯವನ ಮಗ ನಾನು, ಕಡದ ವಿಷಯ ನನಗೆ ಗೊತ್ತು. ಕೇರಳದಲ್ಲಿ ಜೂನ್ 9ರ ರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ, 52 ದಿನ. ಬೋಟಿಗೆ ಹೋಗುವವರ ಮನೆಗೆ ಆ ದಿನಗಳಲ್ಲಿ ನಮ್ಮ ಅಂಗಡಿಯಿಂದ ಅಕ್ಕಿ, ಸಕ್ಕರೆ, ಎಣ್ಣೆ ಎಲ್ಲ ಪುಸ್ತಕದಲ್ಲಿ ಬರೆದು ಹೋಗುತ್ತದೆ. ಜುಲೈ ಹತ್ತಕ್ಕೆ ಯಾರನ್ನಾದರೂ ತಡೆದು "ಇನ್ನೂ ಬೋಟ್ ಇಳಿಸ್ಲಿಲ್ವಾ?" ಎಂದು ಉಪ್ಪ ಕೇಳಿದ್ದು ನಾನು ಕಂಡಿಲ್ಲ. ಕಡಲು ಮರಿ ಹಾಕುವ ಸಮಯ ಅದು, ಅವಸರ ಮಾಡಿದರೆ ಮೀನೇ ಮುಗಿಯುತ್ತದೆ ಎಂದು ಅಂಗಡಿಯವನಿಗೂ ಗೊತ್ತು. ಐವತ್ತೆರಡು ದಿನ ಹಣವಿಲ್ಲದೆ ಸಾಮಾನು ಕೊಡುವ ನನ್ನ ಉಪ್ಪನೇ ನನ್ನ ಕಾಲಿನ ಗಾಯಕ್ಕೆ ಇಪ್ಪತ್ತನೇ ದಿನ ಸಿಟ್ಟಾದರು. "ಮೋನೇ, ನನಗೆ ಎಂಟು ದಿನದಲ್ಲಿ ಒಣಗಿತ್ತಲ್ಲ" ಎಂದರು. ಅವರ ಸಿಟ್ಟಿನ ಒಳಗೆ ಹೆದರಿಕೆ ಇತ್ತು ಎಂದು ನನಗೆ ಆಗ ಗೊತ್ತಾಗಲಿಲ್ಲ. ನಾನೂ ಜೋರು ಮಾತಾಡಿದೆ. ಎರಡು ದಿನ ಗಲ್ಲಾಪೆಟ್ಟಿಗೆಯ ಎರಡು ಬದಿಗೆ ಮಾತಿಲ್ಲದೆ ಕುಳಿತೆವು.

ಸೀಕಿಗೆ ದಿನ ಎಣಿಸಿ ಕೊಡುವುದು ಮನೆಯವರು ಮಾತ್ರ ಅಲ್ಲ. ನಾನಿದ್ದ ಯುಎಇಯಲ್ಲಿ ಕಾನೂನು ವರ್ಷಕ್ಕೆ 90 ದಿನ ಸೀಕು ರಜೆ ಕೊಡುತ್ತದೆ. ಮೊದಲ 15 ದಿನ ಪೂರ್ತಿ ಸಂಬಳ, ಮತ್ತಿನ 30 ದಿನ ಅರ್ಧ, ಉಳಿದ 45 ದಿನ ಸಂಬಳ ಇಲ್ಲ. ಕೈ ಮುರಿದವನಿಗೆ ಅದು ಸಾಕು. ಮುರಿದದ್ದು ಕೂಡುತ್ತದೆ, ಅವನು ವಾಪಸು ಬರುತ್ತಾನೆ. ವರ್ಷದಲ್ಲಿ ನಾಲ್ಕು ಸಲ ಮೂರು ಮೂರು ವಾರ ಮಲಗುವವನಿಗೆ ಆ ಲೆಕ್ಕ ಎಷ್ಟು ಬೇಗ ಮುಗಿಯುತ್ತದೆ ನೋಡಿ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳು ಸೇರಿದವು. ರುಮಟಾಯ್ಡ್ ಆರ್ಥ್ರೈಟಿಸ್ ಹೆಸರು ಅದರಲ್ಲಿ ಇಲ್ಲ. ಕೈ ವಕ್ರವಾಗಿ, ಶೇಕಡಾ 40 ಎಂದು ಬೋರ್ಡು ಬರೆದುಕೊಟ್ಟರೆ ಆಗ ಸವಲತ್ತು ಉಂಟು. ಕೈ ವಕ್ರವಾಗದ ಹಾಗೆ ಕಾಯುವ ವರ್ಷಗಳಿಗೆ ಯಾವ ಸರ್ಟಿಫಿಕೇಟೂ ಇಲ್ಲ.

ಸರಕಾರವನ್ನು ಬಿಡಿ, ನಮ್ಮದೇ ವಾಟ್ಸಾಪ್ ಗ್ರೂಪುಗಳನ್ನು ನೋಡಿ. ಹೃದಯದ ಆಪರೇಷನ್, ಕಿಡ್ನಿ ಬದಲಿಸುವುದು ಎಂದರೆ ಎರಡು ದಿನದಲ್ಲಿ ಲಕ್ಷಗಟ್ಟಲೆ ಸೇರುತ್ತದೆ. ಗಲ್ಫಿನವರು ನಿದ್ದೆ ಬಿಟ್ಟು ಕಳಿಸುತ್ತಾರೆ. ಇದು ನಮ್ಮ ಸಮುದಾಯದ ದೊಡ್ಡ ಗುಣ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಒಂದು ಫೋಟೋ ಬೇಕು, ಒಂದು ಮೊತ್ತ ಬೇಕು, ಒಂದು ತಾರೀಕು ಬೇಕು. ಪ್ರತಿ ತಿಂಗಳು ರಕ್ತಪರೀಕ್ಷೆ, ಮಂಗಳೂರಿಗೆ ಹೋಗಿ ಬರುವ ಬಸ್ಸು, ಕೆಲಸ ತಪ್ಪಿದ ದಿನದ ಸಂಬಳ, ಹೀಗೆ ವರ್ಷಗಟ್ಟಲೆ ಸೋರುವ ಮನೆಗೆ ಯಾರೂ ಪೋಸ್ಟರ್ ಮಾಡುವುದಿಲ್ಲ. ಮೆಥೊಟ್ರೆಕ್ಸೇಟ್ ದುಬಾರಿ ಮಾತ್ರೆ ಅಲ್ಲ. ಅದನ್ನು ತಿನ್ನುವವರ ಲಿವರ್, ರಕ್ತಕಣ ಸರಿ ಉಂಟಾ ಎಂದು ನೋಡುವ ಪರೀಕ್ಷೆಗೇ ಹೆಚ್ಚು ಹಣ ಹೋಗುವುದು. ಎಷ್ಟೋ ಜನ ಪರೀಕ್ಷೆ ಬಿಟ್ಟು ಮಾತ್ರೆ ಮಾತ್ರ ತಿನ್ನುತ್ತಾರೆ. ಜಮಾಅತಿನವರೂ ಯುವಕರ ಸಂಘದವರೂ ನನ್ನ ಮಾತು ಕೇಳುವುದಾದರೆ, ದೊಡ್ಡ ಮೊತ್ತದ ಒಂದು ಭಾಗವನ್ನು ತೆಗೆದು ಹತ್ತು ಮನೆಯ ತಿಂಗಳ ಲ್ಯಾಬ್ ಬಿಲ್ಲು ಕಟ್ಟಲಿ. ಫೋಟೋ ಸಿಗುವುದಿಲ್ಲ, ಅಷ್ಟೇ ನಷ್ಟ.

ರಂಜಾನಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ನೀರು ಕುಡಿದು ಮಾತ್ರೆ ನುಂಗುವಾಗ ಸಿಕ್ಕಿಬಿದ್ದವನು ನಾನು. "ನೋಂಬು ಇಲ್ವಾ?" ಎಂದು ಒಂಬತ್ತು ವರ್ಷದ ಹುಡುಗ ಕೇಳಿದ. ಅವನಿಗೆ ಉತ್ತರ ಕೊಡಬಹುದು, ಅವನ ಹಿಂದೆ ನಿಂತಿದ್ದ ದೊಡ್ಡವರ ಮುಖಕ್ಕೆ ಕಷ್ಟ. ಸೀಕಿನವನು ನೋಂಬು ಬಿಟ್ಟು ಬೇರೆ ದಿನಗಳಲ್ಲಿ ಹಿಡಿಯಬಹುದು, ಹಿಡಿಯಲು ಆಗುವ ಹಾಗೆಯೇ ಇಲ್ಲದಿದ್ದರೆ ಬಡವರಿಗೆ ಊಟ ಕೊಡಬಹುದು, ಇದು ಮದರಸದಲ್ಲಿ ನಮಗೆಲ್ಲ ಕಲಿಸಿದ್ದೇ. ಅಲ್ಲಾಹನು ಬೇರೆ ದಿನ ಕೊಟ್ಟಿದ್ದಾನೆ, ಅಂಗಡಿಗೆ ಬಂದವರು ಕೊಡುವುದಿಲ್ಲ. ನಾನು ಉಸ್ತಾದರ ಹತ್ತಿರವೂ ಡಾಕ್ಟರ ಹತ್ತಿರವೂ ಕೇಳಿ, ಆ ವರ್ಷದ ನೋಂಬುಗಳನ್ನು ಹಗಲು ಚಿಕ್ಕದಿರುವ ಡಿಸೆಂಬರಿನಲ್ಲಿ ಹಿಡಿದು ತೀರಿಸಿದೆ.

ಇಷ್ಟೆಲ್ಲ ಹೇಳುವ ನಾನು ಗಂಡಸು ಎಂಬುದನ್ನು ಮರೆಯಬಾರದು. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನನಗೆ ಸ್ಟೂಲು ಉಂಟು, ಫ್ಯಾನು ಉಂಟು, ಕೈ ನೋಯುವ ದಿನ ತೂಕ ಮಾಡಲು ಹುಡುಗ ಇದ್ದಾನೆ. ನಮ್ಮ ಓಣಿಯಲ್ಲಿ ನನ್ನದೇ ಸೀಕಿನ ಒಬ್ಬರು ಇದ್ದಾರೆ, ನಲ್ವತ್ತರ ಆಸುಪಾಸು. ಊದಿದ ಮಣಿಕಟ್ಟಿನಲ್ಲಿ ಬೆಳಿಗ್ಗೆ ಹತ್ತು ಜನಕ್ಕೆ ಪತ್ತಿರ್ ತಟ್ಟುತ್ತಾರೆ. ಮೀನು ಕೊಯ್ಯುವಾಗ ಮುಳ್ಳು ತಾಗಿ ಅವರ ಹೆಬ್ಬೆರಳು ಎರಡು ತಿಂಗಳು ಕೀವಾಗುತ್ತಲೇ ಇತ್ತು. ದಿನಾಲೂ ನೀರು, ದಿನಾಲೂ ಉಪ್ಪು, ದಿನಾಲೂ ಸೋಪು. ಗಾಯ ಒಣಗಲು ಬೇಕಾದದ್ದು ಒಣಗಿದ ಕೈ, ಅದನ್ನು ಕೊಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವರಿಗೆ "ಗುಣ ಆಯ್ತಾ" ಎಂದು ಕೇಳುವವರೂ ಇಲ್ಲ. ನನಗೆ ಪ್ರಶ್ನೆ ಹೆಚ್ಚಾಯಿತು ಎಂದು ದೂರು, ಅವರಿಗೆ ಪ್ರಶ್ನೆಯೇ ಬರಲಿಲ್ಲ.

ಹಾಗಾದರೆ ಏನು ಕೇಳಬೇಕು, ಸುಮ್ಮನಿರಬೇಕಾ ಎಂದು ತಮ್ಮ ಕೇಳಿದ. ಸುಮ್ಮನಿರುವುದು ಬೇಡ. ಸೀಕಿನ ಮೊದಲ ಮೂರು ದಿನ ಹಣ್ಣು ಹಿಡಿದುಕೊಂಡು ಮನೆ ತುಂಬ ಜನ ಬರುತ್ತಾರೆ, ಕುಳಿತುಕೊಳ್ಳಲು ಕುರ್ಚಿ ಸಾಲುವುದಿಲ್ಲ, ಮನೆಯವರಿಗೆ ಚಾ ಮಾಡಿ ಮುಗಿಯುವುದಿಲ್ಲ. ನಲ್ವತ್ತನೇ ದಿನ ಬನ್ನಿ. "ಇವತ್ತು ಹೇಗುಂಟು?" ಎಂದು ಆ ದಿನದ್ದು ಮಾತ್ರ ಕೇಳಿ. ಶಟರ್ ಎಳೆದುಕೊಡಿ, ಮೂಟೆ ಇಳಿಸಿಕೊಡಿ, ಒಂದು ಹೊತ್ತಿನ ಪಾತ್ರೆ ತೊಳೆದುಕೊಡಿ. ಮಾತ್ರೆ ಬಿಡಲು ಮಾತ್ರ ಹೇಳಬೇಡಿ.

ನನ್ನದೂ ಆ ಅಕ್ಕನದೂ ರಕ್ತಪರೀಕ್ಷೆ ಈಗ ಒಂದೇ ದಿನ, ತಿಂಗಳ ಮೊದಲ ಮಂಗಳವಾರ. ಒಬ್ಬರೇ ಮಂಗಳೂರಿಗೆ ಹೋಗುವುದು ಬೇಡ ಎಂದು ಅವರ ಮನೆಯಲ್ಲಿ ಹೇಳುತ್ತಿದ್ದರು, ಹಾಗಾಗಿ ಉಮ್ಮನೂ ಜೊತೆಗೆ ಬರುತ್ತಾರೆ. ತಲಪಾಡಿ ದಾಟುವ ತನಕ ಹೆದ್ದಾರಿಯ ಧೂಳು ಎಂದು ಮೂವರೂ ಮಾಸ್ಕ್ ಹಾಕಿ ಕುಳಿತುಕೊಳ್ಳುತ್ತೇವೆ. ಆ ದಿನ ಮಧ್ಯಾಹ್ನದ ತನಕ ಅಂಗಡಿಯಲ್ಲಿ ಉಪ್ಪ ಒಬ್ಬರೇ. ಶಟರನ್ನು ಎಡಬದಿಯಿಂದ ನಿಧಾನ ಎತ್ತಿ ಎಂದು ಹೇಳಿಯೇ ಹೊರಡುವುದು.